ಹಡಗಿನ ಭೋಜನಶಾಲೆಯಲ್ಲಿ ನಮ್ಮ ಪಂಕ್ತಿ: ಗೊತ್ತುಪಡಿಸಿದ ಆಸನವೋ, ಮುಕ್ತ ಆಸನವೋ?

ಬೆಳಗಿನ ಹೊತ್ತು ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಹೊರಡುವ ಲೋಕಲ್ ರೈಲಿನಲ್ಲಿ ಯಾರ ಹೆಸರಿಗೂ ಆಸನವಿಲ್ಲ. ಪಾಸ್ ಇದ್ದವರೆಲ್ಲರೂ ಸಮಾನರು. ಮೊದಲು ಹತ್ತಿದವರಿಗೆ ಕಿಟಕಿ, ತಡವಾಗಿ ಬಂದವರಿಗೆ ಬಾಗಿಲು. ಆದರೆ ಅದೇ ಡಬ್ಬಿಯಲ್ಲಿ ಒಂದು ವಾರ ಪ್ರಯಾಣ ಮಾಡಿದವರಿಗೆ ಬೇರೊಂದು ಸತ್ಯ ಗೋಚರಿಸುತ್ತದೆ. ಕಿಟಕಿಯ ಬಳಿ ದಿನವೂ ಅದೇ ವ್ಯಕ್ತಿ, ಎದುರಿಗೆ ಅವರ ಅದೇ ಮಿತ್ರರು, ಮೂವರ ಪೀಠದಲ್ಲಿ ನಾಲ್ಕನೆಯವರಾಗಿ ಒತ್ತರಿಸಿ ಕುಳಿತುಕೊಳ್ಳಲು ಡೊಂಬಿವಲಿಯಲ್ಲಿ ಹತ್ತುವ ಅದೇ ಮಹನೀಯರು. ಹೊಸಬರು ಬಂದರೆ "ಎಲ್ಲಿ ಇಳಿಯುತ್ತೀರಿ?" ಎಂದು ಕೇಳಿ, ಆ ಸ್ಥಾನವನ್ನು ಮೊದಲೇ ಕಾದಿರಿಸಿಕೊಳ್ಳುವ ಕ್ರಮವೂ ಇದೆ. ಹೆಸರಿಗೆ ಮುಕ್ತವಾದ ಆಸನವು ಬಳಕೆಯಲ್ಲಿ ಗೊತ್ತಾದ ಆಸನವಾಗಿಬಿಡುತ್ತದೆ.

ಮನುಷ್ಯನು ಎಲ್ಲಿ ಕುಳಿತುಕೊಳ್ಳಬೇಕು, ಯಾರ ಪಕ್ಕದಲ್ಲಿ ಕುಳಿತುಕೊಳ್ಳಬೇಕು, ಅದನ್ನು ಯಾರು ನಿರ್ಧರಿಸಬೇಕು ಎಂಬ ಈ ಹಳೆಯ ಪ್ರಶ್ನೆ ಈಗ ನಮ್ಮ ಅನೇಕ ಕುಟುಂಬಗಳ ಮುಂದೆ ಹೊಸ ರೂಪದಲ್ಲಿ ಬಂದು ನಿಂತಿದೆ. ವಿಹಾರನೌಕೆಯ, ಅಂದರೆ ಕ್ರೂಸ್ ಹಡಗಿನ ಪ್ರವಾಸವು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ತುಳು-ಕನ್ನಡಿಗರಿಗೆ ಇಂದು ದೂರದ ಮಾತಾಗಿ ಉಳಿದಿಲ್ಲ. 2005ರಲ್ಲಿ ಸ್ಟಾರ್ ಕ್ರೂಸಸ್ ಸಂಸ್ಥೆಯ 'ಸೂಪರ್‌ಸ್ಟಾರ್ ಲಿಬ್ರಾ' ಮುಂಬಯಿಯನ್ನು ನೆಲೆಯಾಗಿಸಿಕೊಂಡು ಸಂಚರಿಸಿತು. 1990ರಲ್ಲಿ ಫ್ರಾನ್ಸಿನಲ್ಲಿ ನಿರ್ಮಾಣವಾಗಿ, ಹಲವು ಹೆಸರುಗಳನ್ನು ಕಂಡ 'ಎಂಪ್ರೆಸ್' ಹಡಗು 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಸಂಸ್ಥೆಯ ಹೆಸರಿನಲ್ಲಿ ಇಲ್ಲಿಂದ ಯಾನ ಆರಂಭಿಸಿತು. ಮಕ್ಕಳು ವಿದೇಶದಲ್ಲಿರುವ ಹಿರಿಯರು ಅಮೆರಿಕೆಗೋ ಸಿಂಗಾಪುರಕ್ಕೋ ಹೋದಾಗ ಅಲ್ಲಿಂದಲೇ ಹಡಗು ಹತ್ತಿ ಬರುವುದೂ ಉಂಟು. ಹೀಗೆ ಟಿಕೆಟು ಕಾದಿರಿಸುವಾಗ ಅರ್ಜಿಯಲ್ಲಿ ಒಂದು ಸಣ್ಣ ಪ್ರಶ್ನೆ ಎದುರಾಗುತ್ತದೆ: ರಾತ್ರಿಯೂಟಕ್ಕೆ ಗೊತ್ತುಪಡಿಸಿದ ಆಸನ ಬೇಕೇ, ಇಚ್ಛೆ ಬಂದಾಗ ಇಚ್ಛೆ ಬಂದಲ್ಲಿ ಕುಳಿತುಕೊಳ್ಳುವ ಅನುಕೂಲ ಬೇಕೇ? ಬಹುಮಂದಿ ಹೆಚ್ಚು ಯೋಚಿಸದೆ ಎರಡನೆಯದಕ್ಕೆ ಗುರುತು ಹಾಕುತ್ತಾರೆ. ಸ್ವಾತಂತ್ರ್ಯ ಯಾರಿಗೆ ಬೇಡ? ಆದರೆ ಆ ಗುರುತನ್ನು ಹಾಕುವ ಮೊದಲು ಅರಿತಿರಬೇಕಾದ ಕೆಲವು ಸಂಗತಿಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಎರಡು ಪದ್ಧತಿಗಳ ಸ್ವರೂಪ

ಮೊದಲನೆಯದು ಗೊತ್ತುಪಡಿಸಿದ ಆಸನದ ಪದ್ಧತಿ. ಹಡಗು ಹತ್ತಿದ ದಿನವೇ ನಿಮ್ಮ ಮೇಜಿನ ಸಂಖ್ಯೆ ಹಾಗೂ ಊಟದ ವೇಳೆ ನಿಗದಿಯಾಗಿರುತ್ತದೆ; ಕ್ಯಾಬಿನ್ನಿನ ಬೀಗದ ಕೈಯಾಗಿಯೂ ಗುರುತುಚೀಟಿಯಾಗಿಯೂ ಬಳಕೆಯಾಗುವ ಕಾರ್ಡಿನ ಮೇಲೆಯೇ ಅನೇಕ ಹಡಗುಗಳಲ್ಲಿ ಅದು ಮುದ್ರಿತವಾಗಿರುತ್ತದೆ. ಪಾಶ್ಚಾತ್ಯ ಹಡಗುಗಳಲ್ಲಿ ಸಾಮಾನ್ಯವಾಗಿ ಎರಡು ಸರದಿಗಳಿರುತ್ತವೆ. ಒಂದು ಸಂಜೆ 6 ಗಂಟೆಯ ಆಸುಪಾಸಿನಲ್ಲಿ, ಇನ್ನೊಂದು ರಾತ್ರಿ 8.30ರ ಆಸುಪಾಸಿನಲ್ಲಿ. ಯಾನ ಮುಗಿಯುವವರೆಗೆ ಅದೇ ವೇಳೆ, ಅದೇ ಮೇಜು, ಅದೇ ಸಹಪಂಕ್ತಿಯವರು, ಬಡಿಸುವವರೂ ಅವರೇ.

ಎರಡನೆಯದು ಮುಕ್ತ ಆಸನದ ಪದ್ಧತಿ. ಭೋಜನಶಾಲೆ ಸಂಜೆಯಿಂದ ರಾತ್ರಿಯವರೆಗೆ ಮೂರು ನಾಲ್ಕು ತಾಸು ತೆರೆದಿರುತ್ತದೆ. ಹೊಟೇಲಿಗೆ ಹೋದಂತೆ ಹೋಗಿ ಬಾಗಿಲಲ್ಲಿ ನಿಂತರೆ ಎಷ್ಟು ಜನ ಎಂದು ಕೇಳಿ, ಖಾಲಿ ಇರುವ ಮೇಜಿಗೆ ಕರೆದೊಯ್ಯುತ್ತಾರೆ. ಇಂದು ಒಂದು ಮೂಲೆ, ನಾಳೆ ಇನ್ನೊಂದು. ಬಡಿಸುವವರೂ ಬೇರೆ ಬೇರೆ.

ಈ ಎರಡರ ಹೊರತಾಗಿ ಬಹುತೇಕ ದೊಡ್ಡ ಹಡಗುಗಳಲ್ಲಿ ಬಫೆ ಇರುತ್ತದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಬೇಕಾದುದನ್ನು ಬಡಿಸಿಕೊಂಡು, ಸಿಕ್ಕ ಕುರ್ಚಿಯಲ್ಲಿ ಕುಳಿತುಕೊಳ್ಳುವ ಈ ಕ್ರಮವನ್ನು ನಮ್ಮ ಮದುವೆಯ ಸಭಾಗೃಹಗಳು ಎಲ್ಲರಿಗೂ ಕಲಿಸಿವೆಯಾದ್ದರಿಂದ ವಿವರಿಸಬೇಕಾದ ಅಗತ್ಯವಿಲ್ಲ.

ಸರದಿ ಏಕೆ ಬಂತು?

ಗೊತ್ತುಪಡಿಸಿದ ಆಸನದ ಪದ್ಧತಿಯು ಯಾರದೋ ಶಿಸ್ತಿನ ಹಂಬಲದಿಂದ ಹುಟ್ಟಿದ್ದಲ್ಲ. ಅದರ ಮೂಲ ಸ್ಥಳದ ಅಭಾವದಲ್ಲಿದೆ. ಹಡಗಿನಲ್ಲಿ ಪ್ರತಿಯೊಂದು ಅಡಿ ಜಾಗಕ್ಕೂ ಬೆಲೆಯಿದೆ. ಎರಡು ಸಾವಿರ ಪ್ರಯಾಣಿಕರಿರುವ ಹಡಗಿನಲ್ಲಿ ಎರಡು ಸಾವಿರ ಕುರ್ಚಿಗಳ ಭೋಜನಶಾಲೆಯನ್ನು ಕಟ್ಟಿದರೆ ದಿನದ ಬಹುಭಾಗ ಅದು ಬರಿದಾಗಿ ಬಿದ್ದಿರುತ್ತದೆ. ಒಂದು ಸಾವಿರ ಕುರ್ಚಿ ಹಾಕಿ ಜನರನ್ನು ಎರಡು ಸರದಿಯಲ್ಲಿ ಕರೆದರೆ ಅರ್ಧ ಜಾಗದಲ್ಲಿ ಕೆಲಸ ಮುಗಿಯುತ್ತದೆ. ಮೊದಲ ಸರದಿ ಉಣ್ಣುವಾಗ ಎರಡನೆಯವರು ರಂಗಮಂದಿರದಲ್ಲಿ ಕಾರ್ಯಕ್ರಮ ನೋಡುತ್ತಾರೆ. ಅನಂತರ ಅದಲು ಬದಲು. ಅಡುಗೆಮನೆಗೆ ಎಷ್ಟು ಗಂಟೆಗೆ ಎಷ್ಟು ತಟ್ಟೆ ಹೋಗಬೇಕೆಂಬುದು ಮೊದಲೇ ತಿಳಿದಿರುತ್ತದೆ.

ಈ ಲೆಕ್ಕ ನಮಗೇನೂ ಹೊಸದಲ್ಲ. ಊರಿನ ಮದುವೆ ಮನೆಯಲ್ಲಿ ಚಪ್ಪರದಡಿ ಇನ್ನೂರು ಎಲೆ ಹಾಕಬಹುದಾದ ಜಾಗವಿದ್ದು ಆರುನೂರು ಜನ ಬಂದರೆ ಏನು ಮಾಡುತ್ತಿದ್ದರು? ಮೊದಲ ಪಂಕ್ತಿ, ಎರಡನೆಯ ಪಂಕ್ತಿ, ಮೂರನೆಯ ಪಂಕ್ತಿ. ಹಡಗಿನ ವ್ಯವಸ್ಥಾಪಕರು ಸರದಿ ಎಂದು ಕರೆಯುವುದು ಇದನ್ನೇ. ಇಲ್ಲಿಯ ಮರಾಠಿ ನೆರೆಹೊರೆಯವರು 'ಪಂಗತ' ಎನ್ನುವುದು, ಸಿಖ್ ಗುರುದ್ವಾರದ ಲಂಗರಿನಲ್ಲಿ 'ಪಂಗತ್' ಎನ್ನುವುದು ಎಲ್ಲವೂ ಸಂಸ್ಕೃತದ 'ಪಂಕ್ತಿ' ಶಬ್ದದ ರೂಪಾಂತರಗಳೇ. ಐದರ ಗುಂಪು ಎಂಬ ಮೂಲಾರ್ಥದ ಈ ಶಬ್ದವು ಸಾಲು ಎಂಬ ಅರ್ಥಕ್ಕೆ ಬಂದು, ಕೊನೆಗೆ ಜೊತೆಯಾಗಿ ಉಣ್ಣುವವರ ಸಾಲು ಎಂಬಲ್ಲಿ ನೆಲೆಗೊಂಡಿದೆ.

ಶತಮಾನದ ಹಿಂದೆ ಅಟ್ಲಾಂಟಿಕ್ ದಾಟುತ್ತಿದ್ದ ಹಡಗುಗಳಲ್ಲಿ ಉದ್ದುದ್ದ ಮೇಜುಗಳು, ಅಲೆಯ ಹೊಡೆತಕ್ಕೆ ಜಾರದಂತೆ ನೆಲಕ್ಕೆ ಬಿಗಿದ ತಿರುಗು ಕುರ್ಚಿಗಳು ಇರುತ್ತಿದ್ದವು. ಕಪ್ತಾನನ ಮೇಜಿಗೆ ಕರೆ ಬರುವುದು ಗೌರವದ ಸಂಗತಿಯಾಗಿತ್ತು. ನಮ್ಮ ಕರಾವಳಿಯ ಹಡಗುಗಳ ಕಥೆ ಬೇರೆ. ಕೊಂಕಣ ರೈಲು 1998ರಲ್ಲಿ ಪೂರ್ಣವಾಗಿ ತೆರೆಯುವುದಕ್ಕೆ ಬಹಳ ಮೊದಲು, ಘಟ್ಟದ ರಸ್ತೆಯೂ ನದಿಗಳಿಗೆ ಸೇತುವೆಗಳೂ ಸರಿಯಾಗಿಲ್ಲದ ಕಾಲದಲ್ಲಿ, ಮಂಗಳೂರಿನ ಕಡೆಯಿಂದ ಮುಂಬಯಿಗೆ ಬದುಕು ಅರಸಿ ಬಂದ ನಮ್ಮ ಹಿರಿಯರಲ್ಲಿ ಅನೇಕರು ಆವಿಹಡಗಿನಲ್ಲೇ ಬಂದವರು. ಡೆಕ್ಕಿನ ಮೇಲೆ ಚಾಪೆ ಹಾಸಿದ ಜಾಗವೇ ಅವರ ಆಸನ, ಬುತ್ತಿಯ ಗಂಟೇ ಅವರ ಭೋಜನಶಾಲೆ. ಅವರ ಮೊಮ್ಮಕ್ಕಳು ಇಂದು ಅದೇ ಸಮುದ್ರದ ಮೇಲೆ ಮೇಜಿನ ಸಂಖ್ಯೆ ಕೇಳಿಕೊಂಡು ಊಟಕ್ಕೆ ಹೋಗುತ್ತಿದ್ದಾರೆ.

2000ದ ಬದಲಾವಣೆ

ಸರದಿಯ ಪದ್ಧತಿಗೆ ದೊಡ್ಡ ಪ್ರಮಾಣದಲ್ಲಿ ಸವಾಲೊಡ್ಡಿದ್ದು ನಾರ್ವೇಜಿಯನ್ ಕ್ರೂಸ್ ಲೈನ್ ಸಂಸ್ಥೆ. ಏಷ್ಯಾದ ಸ್ಟಾರ್ ಕ್ರೂಸಸ್ ಅದನ್ನು ವಶಪಡಿಸಿಕೊಂಡ 2000ದಲ್ಲಿಯೇ 'ಫ್ರೀಸ್ಟೈಲ್ ಕ್ರೂಸಿಂಗ್' ಎಂಬ ಹೆಸರಿನಲ್ಲಿ ನಿಗದಿತ ವೇಳೆ, ನಿಗದಿತ ಮೇಜು ಎರಡನ್ನೂ ಕೈಬಿಡಲಾಯಿತು. ಒಂದೇ ದೊಡ್ಡ ಭೋಜನಶಾಲೆಯ ಬದಲು ಹಲವು ಉಪಾಹಾರಗೃಹಗಳು. ಯಾವಾಗ ಬೇಕಾದರೂ ಬನ್ನಿ, ಯಾರ ಜೊತೆ ಬೇಕಾದರೂ ಕುಳಿತುಕೊಳ್ಳಿ ಎಂಬ ಘೋಷಣೆ. ಮುಂದಿನ ದಶಕದಲ್ಲಿ ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ರಾಯಲ್ ಕೆರಿಬಿಯನ್, ಕಾರ್ನಿವಲ್ ಮೊದಲಾದ ಸಂಸ್ಥೆಗಳು ಹಳೆಯ ಸರದಿಯನ್ನು ಉಳಿಸಿಕೊಂಡೇ ಪಕ್ಕದಲ್ಲಿ ಮುಕ್ತ ಆಸನವನ್ನೂ ತೆರೆದವು.

ಇದರೊಂದಿಗೆ ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ಬಂದಿತು. ಹಿಂದೆ ಯಾನದ ಕೊನೆಯ ರಾತ್ರಿ ಪ್ರಯಾಣಿಕರು ತಮಗೆ ಬಡಿಸಿದವರ ಕೈಗೆ ಲಕೋಟೆಯಲ್ಲಿ ಇನಾಮು ಕೊಡುವ ಕ್ರಮವಿತ್ತು. ಬಡಿಸುವವರು ದಿನಕ್ಕೊಬ್ಬರಾದಾಗ ಲಕೋಟೆ ಯಾರಿಗೆ? ಹೀಗಾಗಿ ದಿನವೊಂದಕ್ಕೆ ತಲೆಗೆ ಇಂತಿಷ್ಟು ಎಂದು ಸೇವಾಶುಲ್ಕವನ್ನು ಲೆಕ್ಕಕ್ಕೆ ಸೇರಿಸುವ ಪದ್ಧತಿ ವ್ಯಾಪಕವಾಯಿತು. ಜಗತ್ತಿನ ವಿಹಾರನೌಕೆಗಳಲ್ಲಿ ಬಡಿಸುವ, ಅಡುಗೆ ಮಾಡುವ ಕೆಲಸದಲ್ಲಿ ಗೋವೆ, ಮುಂಬಯಿ, ಮಂಗಳೂರುಗಳ ಯುವಕರು ಬಹಳಷ್ಟು ಮಂದಿ ಇದ್ದಾರೆ ಎಂಬುದನ್ನು ನೆನೆದರೆ ಈ ಬದಲಾವಣೆ ನಮಗೆ ಕೇವಲ ದೂರದ ವ್ಯಾಪಾರದ ಸುದ್ದಿಯಲ್ಲ. ಮೇಜಿನ ಆ ಕಡೆ ನಿಂತವನೂ ನಮ್ಮವನೇ ಇರಬಹುದು. ಏಳು ದಿನ ಒಂದೇ ಕುಟುಂಬಕ್ಕೆ ಬಡಿಸಿ, ಅಜ್ಜಿಗೆ ಖಾರ ಆಗದೆಂದೂ ಮಗುವಿಗೆ ಹಾಲು ಬೇಕೆಂದೂ ತಿಳಿದುಕೊಳ್ಳುವ ಕೆಲಸಕ್ಕೂ, ದಿನವೂ ಹೊಸ ಮುಖಗಳಿಗೆ ತಟ್ಟೆ ಇಡುವ ಕೆಲಸಕ್ಕೂ ವ್ಯತ್ಯಾಸವಿದೆ.

ಮುಕ್ತ ಪದ್ಧತಿಯಲ್ಲಿ ಎಲ್ಲವೂ ಸುಗಮವೆಂದು ಭಾವಿಸಬೇಕಾಗಿಲ್ಲ. ನಾಲ್ಕು ತಾಸು ಬಾಗಿಲು ತೆರೆದಿದ್ದರೂ ಹಸಿವೆ ಎಲ್ಲರಿಗೂ ಒಂದೇ ಹೊತ್ತಿಗೆ ಆಗುತ್ತದೆ. ಏಳೂವರೆಗೆ ಬಾಗಿಲಲ್ಲಿ ಸಾಲು; ಇಬ್ಬರಿಗಷ್ಟೇ ಮೇಜು ಬೇಕೆನ್ನುವವರು ಹೆಚ್ಚು; ಎಂಟು ಜನರ ಒಂದು ಮನೆಮಂದಿ ಒಟ್ಟಿಗೆ ಬಂದರೆ ಕಾಯುವಿಕೆ ಇನ್ನೂ ದೀರ್ಘ. 2014ರಲ್ಲಿ ರಾಯಲ್ ಕೆರಿಬಿಯನ್ ಸಂಸ್ಥೆಯು ತನ್ನ 'ಕ್ವಾಂಟಮ್ ಆಫ್ ದ ಸೀಸ್' ಹಡಗಿನಲ್ಲಿ ಮುಖ್ಯ ಭೋಜನಶಾಲೆಯನ್ನೇ ತೆಗೆದು, ಬೇರೆ ಬೇರೆ ಉಪಾಹಾರಗೃಹಗಳಲ್ಲಿ ಮೊದಲೇ ವೇಳೆ ಕಾದಿರಿಸಿಕೊಳ್ಳುವ ಕ್ರಮ ತಂದಿತು. ಪ್ರಯಾಣಿಕರ ಅಸಮಾಧಾನ ಎಷ್ಟಾಯಿತೆಂದರೆ ಕೆಲವೇ ವರ್ಷಗಳಲ್ಲಿ ಅದು ಹಳೆಯ ಸರದಿಯತ್ತ ಮರಳಬೇಕಾಯಿತು. ಡಿಸ್ನಿ ಸಂಸ್ಥೆ 1998ರಲ್ಲಿ ತನ್ನ ಮೊದಲ ಹಡಗಿನಲ್ಲಿಯೇ ಒಂದು ನಡುದಾರಿ ಕಂಡುಕೊಂಡಿತ್ತು. ಅಲ್ಲಿ ಕುಟುಂಬವು ದಿನಕ್ಕೊಂದು ಭೋಜನಶಾಲೆಗೆ ಹೋಗುತ್ತದೆ. ಆದರೆ ಬಡಿಸುವವರು ಅವರೊಂದಿಗೇ ಸಾಗುತ್ತಾರೆ. ಗೋಡೆ ಬದಲಾಗುತ್ತದೆ, ಪರಿಚಯ ಬದಲಾಗುವುದಿಲ್ಲ.

ಪಂಕ್ತಿಯ ಗುಣ, ಪಂಕ್ತಿಯ ದೋಷ

ಗೊತ್ತುಪಡಿಸಿದ ಆಸನದ ಪರವಾಗಿ ಮಾತನಾಡಹೊರಟ ಕನ್ನಡಿಗನು ಒಂದು ಎಚ್ಚರಿಕೆಯನ್ನು ಮರೆಯುವಂತಿಲ್ಲ. ಆಸನವನ್ನು ಇನ್ನೊಬ್ಬರು ನಿರ್ಧರಿಸುವ ಪದ್ಧತಿ ನಮ್ಮ ಸಮಾಜದಲ್ಲಿ ಎಷ್ಟು ಜನರನ್ನು ನೋಯಿಸಿದೆ ಎಂಬುದು ನಮಗೆ ತಿಳಿದಿದೆ.

ಪಂಕ್ತಿಯ ಗುಣ ದೊಡ್ಡದು. ಸಾಲಿನಲ್ಲಿ ಕುಳಿತವರಿಗೆಲ್ಲ ಒಂದೇ ಎಲೆ, ಒಂದೇ ಅನ್ನ, ಒಂದೇ ಸಾರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿಯಿಂದ ಮೊದಲುಗೊಂಡು ಮಜ್ಜಿಗೆಯವರೆಗೆ ಬಡಿಸುವ ಕ್ರಮ ಎಲ್ಲರಿಗೂ ಸಮಾನ. ಯಾರ ಎಲೆಯಲ್ಲಿ ಅನ್ನ ಮುಗಿಯಿತೆಂದು ನೋಡಿ ಬಡಿಸುವವರು ಬರುತ್ತಾರೆ. ಪಕ್ಕದವರು ಮುಗಿಸುವ ಮೊದಲು ಏಳುವುದು ಮರ್ಯಾದೆಯಲ್ಲ. ಹೀಗಾಗಿ ಮೆಲ್ಲಗೆ ಉಣ್ಣುವ ಮುದುಕರಿಗೂ ಒಂಟಿತನವಿಲ್ಲ. ಒಬ್ಬರೇ ಬಂದವರಿಗೂ ಎಡಬಲದಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ದೋಷವೂ ಅಷ್ಟೇ ದೊಡ್ಡದು. ಯಾರ ಸಾನ್ನಿಧ್ಯದಿಂದ ಸಾಲು ಪವಿತ್ರವಾಗುತ್ತದೋ ಅವರನ್ನು 'ಪಂಕ್ತಿಪಾವನ'ರೆಂದೂ, ಸಾಲಿಗೆ ಸೇರಲು ಅರ್ಹರಲ್ಲದವರನ್ನು 'ಅಪಾಂಕ್ತೇಯ'ರೆಂದೂ ಧರ್ಮಶಾಸ್ತ್ರಗಳೇ ಹೆಸರಿಸಿದವು. ಮೊದಲ ಪಂಕ್ತಿ, ಕೊನೆಯ ಪಂಕ್ತಿ ಎಂಬುದು ಸಮಯದ ಲೆಕ್ಕವಾಗಿ ಉಳಿಯದೆ ಹುಟ್ಟಿನ ಲೆಕ್ಕವಾಯಿತು. ಹೆಂಗಸರು, ಅಡುಗೆಯವರು, ಆಳುಗಳು ಕೊನೆಗೆ; ಕೆಲವರಿಗೆ ಚಪ್ಪರದ ಹೊರಗೆ. ಕರ್ನಾಟಕದ ದೇವಾಲಯಗಳಲ್ಲಿ ಪಂಕ್ತಿಭೇದದ ವಿರುದ್ಧ ಪ್ರತಿಭಟನೆಗಳು, ಚರ್ಚೆಗಳು ನಮ್ಮ ಕಾಲದವರೆಗೂ ನಡೆದಿವೆ. 2014ರಲ್ಲಿ ಉಡುಪಿಯಲ್ಲಿ ಈ ವಿಷಯ ಬೀದಿಗೆ ಬಂದುದನ್ನು ಓದುಗರು ಮರೆತಿರಲಾರರು.

ಈ ಭೇದವನ್ನು ಮುರಿಯುವ ಯತ್ನವೂ ಊಟದ ಸಾಲಿನಲ್ಲಿಯೇ ಆರಂಭವಾಯಿತೆಂಬುದು ಗಮನಾರ್ಹ. ನಮ್ಮ ರೈಲು ನಿಲ್ದಾಣದ ಹೆಸರನ್ನೇ ಹೊತ್ತ ಇನ್ನೊಂದು ಕಲ್ಯಾಣ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, 12ನೆಯ ಶತಮಾನದ ಶರಣರು ದಾಸೋಹವನ್ನು ತಮ್ಮ ಬಾಳಿನ ಕೇಂದ್ರದಲ್ಲಿಟ್ಟರು. ಕಾಯಕ ಬೇರೆಯಾದರೂ ಪ್ರಸಾದ ಒಂದೇ ಎಂದರು. ಮುಂಬಯಿಯಲ್ಲಿ 1849ರ ಸುಮಾರಿಗೆ ಹುಟ್ಟಿದ ಪರಮಹಂಸ ಸಭೆಯವರು ಜಾತಿಯ ಕಟ್ಟನ್ನು ಮೀರಿ ಜೊತೆಗೆ ಉಣ್ಣಲು ರಹಸ್ಯವಾಗಿ ಸೇರಬೇಕಾಗಿತ್ತು. ಕೇರಳದ ಚೆರಾಯಿಯಲ್ಲಿ 1917ರಲ್ಲಿ ಸಹೋದರನ್ ಅಯ್ಯಪ್ಪನ್ ಅವರು ಸಹಭೋಜನ ನಡೆಸಿ ಬಹಿಷ್ಕಾರ ಎದುರಿಸಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೊಟೇಲುಗಳ ಪ್ರವೇಶಕ್ಕೆ ಜಾತಿ, ಮತ, ಲಿಂಗ, ಜನ್ಮಸ್ಥಳಗಳು ಅಡ್ಡಿಯಾಗಕೂಡದೆಂದು ಸ್ಪಷ್ಟವಾಗಿ ಹೇಳಿತು. ಊಟದ ಮೇಜನ್ನು ಸಂವಿಧಾನದಲ್ಲಿ ನೆನೆಯಬೇಕಾಗಿ ಬಂದ ದೇಶ ನಮ್ಮದು.

ಹಡಗುಗಳೂ ಈ ದೋಷದಿಂದ ಮುಕ್ತವಲ್ಲ. ಅಲ್ಲಿ ಹುಟ್ಟಿನ ಬದಲು ಹಣ ಅಳತೆಗೋಲು. 2004ರಲ್ಲಿ ಸಂಚಾರ ಆರಂಭಿಸಿದ ಕ್ಯೂನಾರ್ಡ್ ಸಂಸ್ಥೆಯ 'ಕ್ವೀನ್ ಮೇರಿ 2' ಹಡಗಿನಲ್ಲಿ ನೀವು ಯಾವ ಭೋಜನಶಾಲೆಯಲ್ಲಿ ಉಣ್ಣಬೇಕೆಂಬುದು ನೀವು ಕೊಂಡ ಕ್ಯಾಬಿನ್ನಿನ ದರ್ಜೆಯನ್ನು ಅವಲಂಬಿಸುತ್ತದೆ. ದುಬಾರಿ ಕೋಣೆಯವರಿಗೆ ಗ್ರಿಲ್ ಎಂಬ ಪ್ರತ್ಯೇಕ ಶಾಲೆಗಳು, ಉಳಿದವರಿಗೆ ಬ್ರಿಟಾನಿಯಾ.

ಮಾಟುಂಗದ ಪಾಠ

ಹಾಗಾದರೆ ಗೊತ್ತುಪಡಿಸಿದ ಆಸನದ ಆಪ್ತತೆಯೂ ಮುಕ್ತ ಆಸನದ ಸಮಾನತೆಯೂ ಒಂದೆಡೆ ಸಿಗುವುದುಂಟೇ? ಇದಕ್ಕೆ ಉತ್ತರ ಹುಡುಕಲು ಸಮುದ್ರಕ್ಕೆ ಇಳಿಯಬೇಕಾಗಿಲ್ಲ. ಮಧ್ಯ ರೈಲ್ವೆಯ ಮಾಟುಂಗ ನಿಲ್ದಾಣದಲ್ಲಿ ಇಳಿದರೆ ಸಾಕು. ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ ಮಾಡಿದವರಿಗೆ ಆ ಅನುಭವ ಗೊತ್ತು. ಚೀಟಿ ತೆಗೆದುಕೊಂಡು ಸರದಿಗೆ ಕಾಯಬೇಕು. ಸರದಿ ಬಂದಾಗ ಎಲ್ಲಿ ಕುರ್ಚಿ ಖಾಲಿಯಾಯಿತೋ ಅಲ್ಲಿ ಕುಳಿತುಕೊಳ್ಳಬೇಕು. ಎದುರಿಗೆ ಯಾರಿರುತ್ತಾರೆಂಬುದು ನಿಮ್ಮ ಆಯ್ಕೆಯಲ್ಲ. ಕಾಲೇಜಿನ ಹುಡುಗ, ಷೇರುಪೇಟೆಯ ದಲ್ಲಾಳಿ, ಊರಿನಿಂದ ಬಂದ ರೈತ, ಯಾರೂ ಇರಬಹುದು. ಬಾಳೆಲೆಯ ಊಟ ಹೇಳಿದವರಿಗೆ ಎಲೆ, ತಟ್ಟೆಯ ಊಟ ಹೇಳಿದವರಿಗೆ ತಟ್ಟೆ. ಬಡಿಸುವ ಕೈಗೆ ಭೇದವಿಲ್ಲ.

ಇಲ್ಲಿ ಆಸನವನ್ನು ಉಣ್ಣುವವನು ಆರಿಸಿಕೊಳ್ಳುವುದಿಲ್ಲ, ಮನೆಯ ಯಜಮಾನನೇ ಗೊತ್ತುಮಾಡುತ್ತಾನೆ. ಆದರೆ ಗೊತ್ತುಮಾಡುವಾಗ ಅವನು ನೋಡುವುದು ಖಾಲಿ ಕುರ್ಚಿಯನ್ನು ಮಾತ್ರ, ಕುಳಿತುಕೊಳ್ಳುವವನ ಕುಲವನ್ನಲ್ಲ. ಆಸನವನ್ನು ಇನ್ನೊಬ್ಬರು ಕೊಟ್ಟರೆಂಬ ಕಾರಣಕ್ಕೆ ಅವಮಾನವಾಗುವುದಿಲ್ಲ; ಯಾವ ಕಾರಣಕ್ಕೆ ಕೊಟ್ಟರೆಂಬುದರಿಂದ ಮಾನವೋ ಅವಮಾನವೋ ಆಗುತ್ತದೆ. "ನಿಮ್ಮ ಹುಟ್ಟಿನಿಂದಾಗಿ ಅಲ್ಲಿ ಕುಳಿತುಕೊಳ್ಳಿ" ಎಂಬುದು ಭೇದ. "ಬನ್ನಿ, ನಿಮಗಾಗಿ ಇಲ್ಲೊಂದು ಸ್ಥಾನ ಇಟ್ಟಿದ್ದೇವೆ" ಎಂಬುದು ಆತಿಥ್ಯ. ಹಡಗಿನ ಗೊತ್ತುಪಡಿಸಿದ ಮೇಜು ತನ್ನ ಉತ್ತಮ ರೂಪದಲ್ಲಿ ಈ ಎರಡನೆಯ ಬಗೆಯದು.

ಒಂಟಿಯಾಗಿ ಬಂದವರ ಗತಿ

ಈ ಮಾತಿನ ಮಹತ್ವ ತಿಳಿಯಬೇಕಾದರೆ ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಡೊಂಬಿವಲಿಯ ಒಬ್ಬ ಹಿರಿಯ ತಾಯಿ. ಪತಿ ತೀರಿಹೋಗಿದ್ದಾರೆ, ಮಗ ವಿದೇಶದಲ್ಲಿ, ಮಗಳು ಬೆಂಗಳೂರಿನಲ್ಲಿ. ದಿನವೂ ಎರಡು ಹೊತ್ತು ಒಬ್ಬರೇ ಟಿ.ವಿ. ಮುಂದೆ ತಟ್ಟೆ ಇಟ್ಟುಕೊಂಡು ಉಣ್ಣುವುದು ರೂಢಿಯಾಗಿದೆ. ಮಕ್ಕಳು ಒತ್ತಾಯ ಮಾಡಿ ಒಂದು ವಾರದ ಯಾನಕ್ಕೆ ಕಳಿಸುತ್ತಾರೆ. ಮುಕ್ತ ಆಸನವನ್ನು ಆರಿಸಿಕೊಂಡಿದ್ದರೆ ಮೊದಲ ಸಂಜೆ ಅವರು ಭೋಜನಶಾಲೆಯ ಬಾಗಿಲಲ್ಲಿ ನಿಲ್ಲುತ್ತಾರೆ. "ಎಷ್ಟು ಜನ?" ಎಂಬ ಪ್ರಶ್ನೆ ಬರುತ್ತದೆ. "ಒಬ್ಬಳೇ" ಎಂದು ಪ್ರತಿ ರಾತ್ರಿಯೂ ಹೇಳಬೇಕು. ಒಂದು ಸಣ್ಣ ಮೇಜು ಸಿಗುತ್ತದೆ. ಅಪರಿಚಿತರ ಜೊತೆ ಕುಳಿತುಕೊಳ್ಳುತ್ತೀರಾ ಎಂದು ಕೇಳಿದರೂ ಸಂಕೋಚದಿಂದ ಬೇಡವೆನ್ನುತ್ತಾರೆ. ಮೂರನೆಯ ದಿನಕ್ಕೆ ಬಫೆಯಿಂದ ಎರಡು ತುಂಡು ಬ್ರೆಡ್ಡು ತಂದು ಕ್ಯಾಬಿನ್ನಿನಲ್ಲೇ ಊಟ ಮುಗಿಸುತ್ತಾರೆ. ಮನೆಯ ಒಂಟಿತನವನ್ನೇ ಅವರು ಸಮುದ್ರದ ಮೇಲೂ ಹೊತ್ತು ತಂದಂತಾಯಿತು.

ಗೊತ್ತುಪಡಿಸಿದ ಮೇಜಿನಲ್ಲಿ ಹೀಗಾಗುವ ಸಂಭವ ಕಡಿಮೆ. ಎಂಟು ಜನರ ಮೇಜಿನಲ್ಲಿ ಅವರಿಗೊಂದು ಕುರ್ಚಿ ಇದೆ. ಮೊದಲ ದಿನ ಹೆಸರು, ಊರು, ಎರಡನೆಯ ದಿನ ಮಕ್ಕಳ ಸುದ್ದಿ, ಮೂರನೆಯ ದಿನ ಅವರು ಬರುವುದು ತಡವಾದರೆ "ಅಮ್ಮ ಎಲ್ಲಿ?" ಎಂದು ಕೇಳುವವರು ಇರುತ್ತಾರೆ. ಒಬ್ಬ ವೃದ್ಧರು ಊಟಕ್ಕೆ ಬಾರದಿದ್ದುದನ್ನು ಗಮನಿಸುವ ನಾಲ್ಕು ಜನರಿರುವುದು ಆರೋಗ್ಯದ ದೃಷ್ಟಿಯಿಂದಲೂ ಸಣ್ಣ ಸಂಗತಿಯಲ್ಲ. ಮುಕ್ತ ಆಸನವು ಜೊತೆಗಾರರಿದ್ದವರಿಗೆ ಸ್ವಾತಂತ್ರ್ಯ. ಜೊತೆಗಾರರಿಲ್ಲದವರಿಗೆ ಅದು ಹಲವು ವೇಳೆ ಕೇವಲ ಖಾಲಿ ಕುರ್ಚಿ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮೇಜಿನ ಸಂಗಾತಿಗಳು ಹಿಡಿಸದಿದ್ದರೆ ಏಳು ರಾತ್ರಿ ದೀರ್ಘವಾಗುತ್ತವೆ. ಮಾಂಸಾಹಾರದ ವಾಸನೆ ಸಹಿಸದವರಿಗೆ ಕಷ್ಟವಾಗಬಹುದು. 2020ರ ಮಹಾಮಾರಿಯ ನಂತರ ಅಪರಿಚಿತರ ಮೇಜಿನಲ್ಲಿ ಕೂರಲು ಹಿಂಜರಿಯುವವರೂ ಇದ್ದಾರೆ. ಇಡೀ ದಿನ ಕಿನಾರೆಯ ಊರು ಸುತ್ತಿ ದಣಿದು ಬಂದವರಿಗೆ ಆರು ಗಂಟೆಯ ಸರದಿ ಶಿಕ್ಷೆಯೆನಿಸುತ್ತದೆ. ರಾತ್ರಿ ಒಂಬತ್ತೂವರೆಗೆ ಕಚೇರಿಯಿಂದ ಮನೆ ಸೇರಿ ಹತ್ತಕ್ಕೆ ಉಣ್ಣುವ ನಮ್ಮ ಉಪನಗರಗಳ ಜನರಿಗಂತೂ ಸಂಜೆ ಆರೆಂದರೆ ಚಹಾದ ಹೊತ್ತು.

ನಮ್ಮ ಕುಟುಂಬಗಳಿಗೆ ಕೆಲವು ಸಲಹೆಗಳು

ಮೊದಲನೆಯದಾಗಿ, ಯಾನದ ಅವಧಿಯನ್ನು ನೋಡಿ. ಎರಡು ಮೂರು ರಾತ್ರಿಯ ಗೋವೆ ಯಾನಕ್ಕೆ ಪದ್ಧತಿ ಯಾವುದಾದರೂ ವಿಶೇಷ ವ್ಯತ್ಯಾಸವಿಲ್ಲ. ಪರಿಚಯ ಬೆಳೆಯುವಷ್ಟರಲ್ಲಿ ಬಲ್ಲಾರ್ಡ್ ಪಿಯರ್ ಬಂದಿರುತ್ತದೆ. ಒಂದು ವಾರಕ್ಕೆ ಮೀರಿದ ಯಾನದಲ್ಲಿ ಗೊತ್ತುಪಡಿಸಿದ ಮೇಜಿನ ಗುಣ ಕಾಣಿಸಿಕೊಳ್ಳುತ್ತದೆ.

ಎರಡನೆಯದಾಗಿ, ಔಷಧಿಯ ವೇಳೆ. ಮಧುಮೇಹವಿದ್ದು, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಇಂತಿಷ್ಟು ಹೊತ್ತಿಗೆ ಉಣ್ಣಲೇಬೇಕಾದ ಹಿರಿಯರಿಗೆ ನಿಗದಿತ ವೇಳೆ ಹಿತಕರ. ಮುಕ್ತ ಪದ್ಧತಿಯಲ್ಲಿ ಬಾಗಿಲಲ್ಲಿ ಕಾಯುವ ಅರ್ಧ ತಾಸು ಅವರಿಗೆ ತೊಂದರೆ ಕೊಡಬಹುದು. ಹಾಗೆಯೇ ನಿದ್ದೆಗೆ ಜಾರುವ ಚಿಕ್ಕ ಮಕ್ಕಳಿದ್ದರೆ ಎರಡನೆಯ ಸರದಿ ಬೇಡ.

ಮೂರನೆಯದಾಗಿ, ಸಸ್ಯಾಹಾರ. ಅನೇಕ ವಿದೇಶಿ ಹಡಗುಗಳಲ್ಲಿ ಭಾರತೀಯ ಸಸ್ಯಾಹಾರ ದೊರೆಯುತ್ತದೆ. ಆದರೆ ಹಿಂದಿನ ದಿನವೇ ತಿಳಿಸಿದರೆ ಉತ್ತಮವಾಗಿ ದೊರೆಯುತ್ತದೆ. ಬಡಿಸುವವರು ಒಬ್ಬರೇ ಇದ್ದಾಗ ಈ ಮಾತನ್ನು ಒಮ್ಮೆ ಹೇಳಿದರೆ ಸಾಕು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೂ, ಯಾವುದಾದರೂ ಪದಾರ್ಥ ಮೈಗೆ ಒಗ್ಗದವರಿಗೂ ಇದು ಅನ್ವಯಿಸುತ್ತದೆ. ಮುಕ್ತ ಪದ್ಧತಿಯಲ್ಲಿ ದಿನವೂ ಹೊಸದಾಗಿ ವಿವರಿಸಬೇಕು. ಯಾವ ಪದ್ಧತಿಯಾದರೂ ಟಿಕೆಟು ಕಾದಿರಿಸುವಾಗಲೇ ಬರಹದಲ್ಲಿ ತಿಳಿಸಿಡುವುದು ಕ್ಷೇಮ.

ನಾಲ್ಕನೆಯದಾಗಿ, ಬೇರೆ ಬೇರೆ ಕ್ಯಾಬಿನ್ನುಗಳಲ್ಲಿರುವ ಅಣ್ಣತಮ್ಮಂದಿರ ಕುಟುಂಬಗಳು ಒಂದೇ ಮೇಜಿನಲ್ಲಿ ಉಣ್ಣಬೇಕೆಂದಿದ್ದರೆ, ಎಲ್ಲರ ಕಾದಿರಿಸುವಿಕೆಯ ಸಂಖ್ಯೆಗಳನ್ನು ಮೊದಲೇ ಜೋಡಿಸುವಂತೆ ಪ್ರವಾಸದ ಏಜೆಂಟರಿಗೆ ಹೇಳಬೇಕು. ಹಡಗು ಹತ್ತಿದ ಮೇಲೆ ಎಂಟು ಹತ್ತು ಜನರ ಮೇಜು ಹೊಂದಿಸುವುದು ಕಷ್ಟ.

ಐದನೆಯದಾಗಿ, ಮೇಜು ಹಿಡಿಸದಿದ್ದರೆ ಸಹಿಸಿಕೊಂಡು ಕೂರಬೇಕಾಗಿಲ್ಲ. ಮೊದಲ ರಾತ್ರಿಯೇ ಭೋಜನಶಾಲೆಯ ಮುಖ್ಯಸ್ಥರಲ್ಲಿ ಮೆಲ್ಲನೆ ಹೇಳಿದರೆ ಯಾರಿಗೂ ನೋವಾಗದಂತೆ ಬದಲಿಸಿಕೊಡುವುದು ಅವರ ಕೆಲಸದ ಭಾಗ. ಮುಕ್ತ ಆಸನ ಆರಿಸಿಕೊಂಡವರು ಕೂಡ ದಿನವೂ ಒಂದೇ ಹೊತ್ತಿಗೆ ಹೋಗಿ, ಮೆಚ್ಚಿದ ವೇಟರ್ ಇರುವ ಮೇಜನ್ನೇ ಕೇಳಬಹುದು. ಲೋಕಲ್ ರೈಲಿನ ಕಿಟಕಿಯಂತೆ ಅದೂ ಎರಡು ದಿನದಲ್ಲಿ ತಮ್ಮದಾಗುತ್ತದೆ.

ಸಂಘದ ತಂಡ ಹೊರಟಾಗ

ಕೊನೆಯದಾಗಿ ಒಂದು ಮಾತು. ನಮ್ಮ ಸಂಘಸಂಸ್ಥೆಗಳ ಮೂವತ್ತು ನಲ್ವತ್ತು ಸದಸ್ಯರು ಕೂಡಿ ಯಾನಕ್ಕೆ ಹೊರಟರೆ, ಎಲ್ಲರೂ ಒಂದೇ ಮೂಲೆಯಲ್ಲಿ ಐದಾರು ಮೇಜು ಹಿಡಿದು, ನಮ್ಮ ನಮ್ಮಲ್ಲೇ ಕನ್ನಡ, ತುಳು, ಕೊಂಕಣಿ ಮಾತನಾಡಿಕೊಂಡು ಬರುವುದು ಸಹಜ. ಅದರಲ್ಲಿ ತಪ್ಪಿಲ್ಲ. ಆದರೆ ಆ ಐದಾರು ಮೇಜುಗಳ ಒಳಗೇ ಮತ್ತೆ ಅಧ್ಯಕ್ಷರ ಮೇಜು, ದಾನಿಗಳ ಮೇಜು, ಉಳಿದವರ ಮೇಜು ಎಂಬ ಪಂಕ್ತಿಭೇದ ಹುಟ್ಟದಿರಲಿ. ಸಂಚಾಲಕರು ಹೊರಡುವ ಮೊದಲೇ ಚೀಟಿ ಎತ್ತಿಸಿ, ಎರಡು ರಾತ್ರಿಗೊಮ್ಮೆ ಮೇಜು ಬದಲಾಗುವಂತೆ ಒಂದು ಪಟ್ಟಿ ಮಾಡಬಹುದು. ಒಂಟಿಯಾಗಿ ಬಂದ ಹಿರಿಯರನ್ನು ಮೊದಲು ಕೂರಿಸಿ, ಅನಂತರ ಉಳಿದ ಸ್ಥಾನಗಳನ್ನು ತುಂಬಬಹುದು. ಒಂದು ಮೇಜಿಗೆ ಒಂದು ಕುರ್ಚಿಯನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಒಬ್ಬರೇ ಉಣ್ಣುತ್ತಿರುವ ಅನ್ಯಭಾಷಿಕರನ್ನು ಕರೆದರೆ ಇನ್ನೂ ಚೆಲುವು.

ಅರ್ಜಿಯ ಆ ಸಣ್ಣ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಜೊತೆಯಿದ್ದು ಸಮಯದ ಸ್ವಾತಂತ್ರ್ಯ ಬೇಕಾದವರು ಮುಕ್ತ ಆಸನವನ್ನು ಆರಿಸಿಕೊಳ್ಳಲಿ. ಆದರೆ ಅಪ್ಪ ಅಮ್ಮಂದಿರನ್ನೋ, ಒಂಟಿಯಾಗಿರುವ ಅತ್ತೆ ಚಿಕ್ಕಮ್ಮಂದಿರನ್ನೋ ಕಳಿಸುವ ಮಕ್ಕಳು ಅವರ ಪರವಾಗಿ ಗುರುತು ಹಾಕುವಾಗ ಒಂದು ಕ್ಷಣ ತಡೆಯಲಿ. ಅವರಿಗೆ ಬೇಕಾದದ್ದು ಎಲ್ಲಿ ಬೇಕಾದರೂ ಕುಳಿತುಕೊಳ್ಳುವ ಅನುಮತಿಯೋ, ಅಥವಾ "ನಿಮ್ಮ ಎಲೆ ಇಲ್ಲಿದೆ, ಬನ್ನಿ" ಎಂಬ ಕರೆಯೋ ಎಂದು ಅವರನ್ನೇ ಕೇಳಿ ನೋಡಲಿ.